ಅಮ್ಮನ ಐಎನ್‌ಆರ್ ಒಂದು ಕಡೆ ನಿಲ್ಲುತ್ತಿಲ್ಲ: ಸೊಪ್ಪು, ನೋವಿನ ಮಾತ್ರೆ, ಹಲ್ಲು ಕೀಳಿಸುವುದರ ಬಗ್ಗೆ ತಿಳಿದವರು ಹೇಳುವಿರಾ?

ಹಿರಿಯೂರು ಸೀಮೆಯವನು (ಪ್ರಶ್ನೆ)

ಮಾನ್ಯರೇ,

ನಮ್ಮ ತಾಯಿಗೆ 57 ವರ್ಷ. ಬಾಲ್ಯದಲ್ಲಿ ಕೀಲುಗಳು ಬಾತುಕೊಂಡು ಬಂದಿದ್ದ ಜ್ವರ ಅವರ ಹೃದಯದ ಮಿಟ್ರಲ್ ಕವಾಟವನ್ನು ಕೆಡಿಸಿತ್ತು. ಅದು ನಮಗೆ ಗೊತ್ತಾದದ್ದು, ಅವರು ನೀರಿನ ಕೊಡ ಹೊತ್ತು ಹತ್ತು ಹೆಜ್ಜೆ ನಡೆಯಲಾರದೆ ಕೂತುಬಿಟ್ಟಾಗಲೇ. ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಊರಿನವರು ‘ಮೆಟಲ್ ವಾಲ್ವ್’ ಎಂದು ಕರೆಯುವ ಯಾಂತ್ರಿಕ ಕವಾಟವನ್ನು ಕೂರಿಸಿದ್ದಾರೆ. ಅಂದಿನಿಂದ ಪ್ರತಿ ಸಂಜೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ಕೊಡುತ್ತಿದ್ದೇವೆ: ವಾರದ ಐದು ದಿನ 2 ಮಿ.ಗ್ರಾಂ, ಶನಿವಾರ ಮತ್ತು ಭಾನುವಾರ 3 ಮಿ.ಗ್ರಾಂ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಅಂಕಿ, ಅದು ಹೆಚ್ಚಾದಷ್ಟೂ ಹೆಪ್ಪುಗಟ್ಟುವುದು ನಿಧಾನ) 2.5 ರಿಂದ 3.5 ರ ನಡುವೆ ಇರಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ.

ಮೊದಲ ತಿಂಗಳು 2.8 ಬಂದಿತ್ತು. ಅನಂತರ 1.7 ಕ್ಕೆ ಇಳಿಯಿತು, ಅದರ ಮುಂದಿನ ತಿಂಗಳು 4.9 ಕ್ಕೆ ಏರಿತು, ಕಳೆದ ವಾರ 2.2. ಅದು 4.9 ಇದ್ದ ದಿನ ಆಸ್ಪತ್ರೆಗೆ ಫೋನ್ ಮಾಡಿದಾಗ ಒಂದು ದಿನದ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದರು, ಅದರಂತೆಯೇ ಮಾಡಿದೆವು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಮ್ಮ ಊರಿನಲ್ಲಿ ತಂಗಿಯ ಜೊತೆ ಇದ್ದಾರೆ. ಅವರಿಗೆ ಓದು ಬರಹ ಬಾರದು.

ಗೊಂದಲಕ್ಕೆ ಕಾರಣಗಳು ಹಲವು. ಸೊಪ್ಪು ತಿನ್ನಲೇಬಾರದೆಂದು ಯಾರೋ ಹೇಳಿದ್ದರಿಂದ ಎರಡನೆಯ ತಿಂಗಳಿನ ಕೊನೆಯಿಂದ ಅಮ್ಮ ಮಸ್ಸೊಪ್ಪು, ಬಸ್ಸಾರು ಎಲ್ಲವನ್ನೂ ಬಿಟ್ಟುಬಿಟ್ಟರು. ರಾಗಿಮುದ್ದೆಯ ಜೊತೆ ಸೊಪ್ಪಿಲ್ಲದೆ ಅವರಿಗೆ ಊಟವೇ ಸೇರುವುದಿಲ್ಲ. ಪಕ್ಕದ ಮನೆಯವರು ಇದೇ ಮಾತ್ರೆಯನ್ನು ‘ಇಲಿ ಪಾಷಾಣ’ ಎಂದು ಹೇಳಿ ಹೆದರಿಸಿದ್ದರಿಂದ ಒಂದೆರಡು ದಿನ ಮಾತ್ರೆಯನ್ನು ನುಂಗದೆ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟದ್ದೂ ಉಂಟು. ಮಂಡಿನೋವಿಗೆ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುತ್ತಾರೆ. ಈಗ ದವಡೆಯ ಹಲ್ಲೊಂದು ಹುಳುಕಾಗಿ ಕೀಳಿಸಬೇಕಾಗಿದೆ, ಅದಕ್ಕಾಗಿ ಐದು ದಿನ ಮಾತ್ರೆ ನಿಲ್ಲಿಸಿ ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟಿದ್ದಾರೆ. ಇಷ್ಟರ ಮೇಲೆ ನಮ್ಮ ಸೋದರಮಾವನಿಗೆ ಯಾವ ರಕ್ತಪರೀಕ್ಷೆಯ ಕಾಟವೂ ಇಲ್ಲದ ಹೊಸ ಮಾತ್ರೆಯನ್ನು ಕೊಟ್ಟಿದ್ದಾರೆ. ಅದನ್ನೇ ಅಮ್ಮನಿಗೂ ಏಕೆ ಬರೆಯಬಾರದು ಎಂಬುದು ಮನೆಯವರೆಲ್ಲರ ಪ್ರಶ್ನೆ. ವೈದ್ಯರ ಭೇಟಿ ಇನ್ನು ಹನ್ನೆರಡು ದಿನಕ್ಕಿದೆ. ಅಷ್ಟರೊಳಗೆ ಯಾವುದನ್ನು ಗಮನಿಸಿ ಬರೆದಿಟ್ಟುಕೊಳ್ಳಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಅರಸೀಕೆರೆ ಮೇಷ್ಟ್ರು

ನನ್ನ ಎದೆಯಲ್ಲಿ ಇಂಥದೇ ಕವಾಟ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದೆ. ವೈದ್ಯನಲ್ಲದ ನಾನು ಹೇಳುವುದೆಲ್ಲ ಅನುಭವಿಸಿ ಕಲಿತದ್ದು, ಔಷಧದ ಪ್ರಮಾಣದ ಮಾತನ್ನು ನಾನು ಆಡುವುದಿಲ್ಲ.

ಮೊದಲು ಇಲಿ ಪಾಷಾಣದ ಮಾತು ಮುಗಿಸೋಣ, ಏಕೆಂದರೆ ನಿಮ್ಮ ತಾಯಿಯವರ ಮನಸ್ಸಿನಲ್ಲಿ ಆ ಹೆದರಿಕೆ ಇರುವವರೆಗೂ ಅಕ್ಕಿ ಡಬ್ಬದ ಕಥೆ ಮುಗಿಯುವುದಿಲ್ಲ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ಬಯಲು ಸೀಮೆಯಲ್ಲಿ, ಬೂಷ್ಟು ಹಿಡಿದ ಒಂದು ಬಗೆಯ ಮೇವನ್ನು ತಿಂದ ದನಗಳು ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ತಂಡ ಆ ಮೇವಿನೊಳಗಿದ್ದ ವಸ್ತುವನ್ನು ಬೇರ್ಪಡಿಸಿತು, ಅದರ ಜಾಡಿನಲ್ಲೇ ವಾರ್ಫರಿನ್ ಹುಟ್ಟಿತು. ಅದು 1948ರಲ್ಲಿ ಇಲಿಗಳಿಗೆಂದು ಮಾರುಕಟ್ಟೆಗೆ ಬಂದದ್ದು ನಿಜ. 1954ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆದದ್ದೂ ಅಷ್ಟೇ ನಿಜ. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಡಲಾಯಿತು. ನಿಮ್ಮ ತಾಯಿಯವರ ಮಾತ್ರೆ ಆ ವಂಶಕ್ಕೇ ಸೇರಿದ ಅಸೆನೊಕೌಮರಾಲ್. ನನಗೂ ಇದೇ ಮಾತು ಹೇಳಿ ಹೆದರಿಸಿದವರಿದ್ದರು. ಉಪ್ಪನ್ನು ಹಿಡಿಗಟ್ಟಲೆ ತಿಂದರೂ ಸಾಯುತ್ತಾರೆ, ಹಾಗೆಂದು ಸಾರಿಗೆ ಹಾಕುವುದನ್ನು ಬಿಟ್ಟಿಲ್ಲವಲ್ಲ ಎಂದು ಅವರಿಗೆ ಹೇಳುತ್ತಿದ್ದೆ.

ಇನ್ನು ಸೊಪ್ಪು. ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ತಯಾರಿಸಲು ಕೆ ಜೀವಸತ್ವವನ್ನು ಬಳಸುತ್ತದೆ, ನಮ್ಮ ಮಾತ್ರೆ ಆ ಬಳಕೆಗೆ ಅಡ್ಡಿಯಾಗುತ್ತದೆ. ಹಸಿರು ಸೊಪ್ಪಿನಲ್ಲಿ ಕೆ ಜೀವಸತ್ವ ಹೇರಳವಾಗಿರುವುದರಿಂದ ಸೊಪ್ಪು ಹೆಚ್ಚಾದರೆ ಐಎನ್‌ಆರ್ ಇಳಿಯುತ್ತದೆ, ಸೊಪ್ಪು ನಿಂತರೆ ಏರುತ್ತದೆ. ಆದರೆ ಇದರಿಂದ ‘ಸೊಪ್ಪು ತಿನ್ನಬಾರದು’ ಎಂಬ ತೀರ್ಮಾನ ಹೊರಡುವುದಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟನ್ನೇ ಪ್ರತಿ ವಾರವೂ ತಿನ್ನಬೇಕು, ಮಾತ್ರೆಯ ಪ್ರಮಾಣವನ್ನು ವೈದ್ಯರು ಆ ಊಟಕ್ಕೆ ಹೊಂದಿಸುತ್ತಾರೆ. ಊಟವನ್ನು ಮಾತ್ರೆಗೆ ಹೊಂದಿಸಲು ಹೋಗಿ ನಾನು ಮೊದಲ ವರ್ಷ ಬಹಳ ಪೇಚಾಡಿದೆ. ಸೊಪ್ಪು ಬಿಟ್ಟವನಿಗೆ ಎಂದೋ ಒಂದು ದಿನ ನೆಂಟರ ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಸಿಕ್ಕರೆ ಆ ಒಂದು ಊಟವೇ ಲೆಕ್ಕ ತಪ್ಪಿಸುತ್ತದೆ. ದಿನಾ ಹದವಾಗಿ ತಿನ್ನುವವನಿಗೆ ಅದು ದೊಡ್ಡ ವ್ಯತ್ಯಾಸವೇ ಅಲ್ಲ. ನಮ್ಮ ಮನೆಯಲ್ಲಿ ಈಗ ಮಂಗಳವಾರ, ಗುರುವಾರ, ಭಾನುವಾರ ಸೊಪ್ಪಿನ ಸಾರು, ಒಂದೊಂದು ಬಟ್ಟಲು. ಅದು ದಂಟೋ, ಹರಿವೆಯೋ, ಪಾಲಕ್ಕೋ, ಆಯಾ ದಿನ ಮಾರುಕಟ್ಟೆಯಲ್ಲಿ ಸಿಕ್ಕಿದ್ದು.

ಉಪವಾಸವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ನವರಾತ್ರಿಯೆಂದು ಒಂಬತ್ತು ದಿನ ಹಾಲು ಹಣ್ಣಿನ ಮೇಲಿದ್ದು, ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ ವರ್ಷ ನನ್ನ ಮೂಗಿನಿಂದ ಅರ್ಧ ಗಂಟೆ ರಕ್ತ ಸೋರಿತ್ತು. ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಬರುವ ನೆಂಟರು ಶಕ್ತಿ ಬರಲೆಂದು ಪುಡಿಯ ಡಬ್ಬ ತರುತ್ತಾರೆ. ಅಂಥ ಹಲವು ಪುಡಿಗಳಲ್ಲಿ ಕೆ ಜೀವಸತ್ವ ಬೆರೆಸಿರುತ್ತಾರಾದ್ದರಿಂದ ಡಬ್ಬದ ಹಿಂದಿನ ಸಣ್ಣ ಅಕ್ಷರಗಳನ್ನು ತಂಗಿಯವರಿಂದ ಓದಿಸಿರಿ. ನಿಮ್ಮ 1.7 ರ ತಿಂಗಳಲ್ಲಿ ಅಕ್ಕಿ ಡಬ್ಬದ ಜೊತೆಗೆ ಅಂಥದೊಂದು ಡಬ್ಬವೂ ಇತ್ತೇ ಎಂದು ವಿಚಾರಿಸಿ.

ಕೊನೆಯದಾಗಿ ಒಂದು ವಿಷಯ. ರಾತ್ರಿ ಊರು ಮಲಗಿದ ಮೇಲೆ ನನ್ನ ಕವಾಟದ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಮಲಗಿದ ಮಡದಿಗೂ ಕೇಳಿಸುತ್ತದೆ, ಮೊದಮೊದಲು ನಿದ್ದೆ ಕೆಡಿಸುತ್ತಿದ್ದ ಆ ಸದ್ದಿಗೆ ಈಗ ಹೊಂದಿಕೊಂಡಿದ್ದಾಳೆ. ಆ ಸದ್ದು ಮಂಕಾದರೆ ಅಥವಾ ಕೇಳಿಸದಂತಾದರೆ, ಅದರಲ್ಲೂ ಏದುಸಿರು ಬಂದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದು ನನಗೆ ಹೇಳಿಕೊಟ್ಟಿದ್ದಾರೆ, ಕವಾಟದ ಮೇಲೆ ಹೆಪ್ಪು ಕೂತಿರುವ ಸೂಚನೆ ಅದು. ತಂಗಿಯವರಿಗೆ ಇದನ್ನು ತಿಳಿಸಿಡಿ.

ಹುಬ್ಬಳ್ಳಿ ಪ್ರಯೋಗಾಲಯ

ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಔಷಧದ ಬಗ್ಗೆ ಬೇರೆಯವರು ಹೇಳಲಿ, ಅಂಕಿಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಏರಿಳಿತವೆಲ್ಲವೂ ದೇಹದೊಳಗೇ ನಡೆದಿರಬೇಕೆಂದಿಲ್ಲ.

ಈ ಪರೀಕ್ಷೆಗೆ ನೀಲಿ ಮುಚ್ಚಳದ ಕೊಳವೆಯನ್ನು ಬಳಸುತ್ತೇವೆ. ಅದರಲ್ಲಿ ಸೋಡಿಯಂ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ, ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ರಕ್ತ ಸೇರಬೇಕು. ನರ ಸಿಗದೆ ಅರ್ಧ ಕೊಳವೆಯಷ್ಟೇ ರಕ್ತ ತೆಗೆದು ಕಳುಹಿಸಿದರೆ ಸಿಟ್ರೇಟ್ ಹೆಚ್ಚಾಗಿ, ಇರುವುದಕ್ಕಿಂತ ಹೆಚ್ಚಿನ ಐಎನ್‌ಆರ್ ಬರುತ್ತದೆ. ಅಂಥ ಕೊಳವೆಯನ್ನು ತಿರಸ್ಕರಿಸಿ ಮತ್ತೆ ರಕ್ತ ಕೇಳಬೇಕು, ಎಲ್ಲ ಕಡೆಯೂ ಹಾಗೆ ಮಾಡುತ್ತಾರೆಂದು ನಾನು ಹೇಳಲಾರೆ. ಆದ್ದರಿಂದ ಕೊಳವೆಯ ಮೇಲಿನ ಗೆರೆಯವರೆಗೆ ರಕ್ತ ತುಂಬಿತೇ ಎಂದು ಜೊತೆಗೆ ಹೋದವರು ನೋಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದಾಗಿ, ವರದಿಯಲ್ಲಿ ಸೆಕೆಂಡುಗಳ ಲೆಕ್ಕವೊಂದಿರುತ್ತದೆ, ಐಎನ್‌ಆರ್ ಎಂಬ ಅಂಕಿಯೊಂದಿರುತ್ತದೆ. ನಾವು ಬಳಸುವ ರಾಸಾಯನಿಕ ಬೇರೆ ಬೇರೆಯಾಗಿರುವುದರಿಂದ ಒಂದೇ ರಕ್ತಕ್ಕೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಸೆಕೆಂಡುಗಳನ್ನು ಕೊಡುವುದು ಸಹಜ. ಈ ಗೊಂದಲ ತಪ್ಪಿಸಲೆಂದೇ 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಪದ್ಧತಿಯನ್ನು ತಂದಿತು. ಪ್ರತಿಯೊಂದು ರಾಸಾಯನಿಕದ ಪೆಟ್ಟಿಗೆಗೂ ಐಎಸ್‌ಐ ಎಂಬ ಸಂಖ್ಯೆ ಇರುತ್ತದೆ, ಸೆಕೆಂಡುಗಳನ್ನು ಐಎನ್‌ಆರ್ ಅಂಕಿಗೆ ಬದಲಿಸುವ ಲೆಕ್ಕದಲ್ಲಿ ಅದನ್ನು ಬಳಸುತ್ತೇವೆ. ಹೆಲ್ಮೆಟ್ ಮೇಲಿರುವ ಐಎಸ್‌ಐ ಗುರುತಿಗೂ ಇದಕ್ಕೂ ಸಂಬಂಧವಿಲ್ಲ. ರೋಗಿಯ ರಕ್ತ ಹೆಪ್ಪುಗಟ್ಟಲು 26 ಸೆಕೆಂಡು, ಸಾಮಾನ್ಯ ರಕ್ತಕ್ಕೆ 13 ಸೆಕೆಂಡು ಹಿಡಿದಿದೆ ಎನ್ನಿ. ಐಎಸ್‌ಐ 1.0 ಇದ್ದರೆ ಐಎನ್‌ಆರ್ 2.0 ಆಗುತ್ತದೆ, ಐಎಸ್‌ಐ 1.3 ಇದ್ದರೆ ಸುಮಾರು 2.5 ಆಗುತ್ತದೆ. ಪೆಟ್ಟಿಗೆ ಬದಲಾದಾಗ ಯಂತ್ರದಲ್ಲಿ ಈ ಸಂಖ್ಯೆಯನ್ನು ಬದಲಿಸಲು ಮರೆತರೆ ಏನಾಗುತ್ತದೆಂದು ನೀವೇ ಊಹಿಸಬಹುದು. ಸಾಧ್ಯವಾದಷ್ಟು ಒಂದೇ ಕಡೆ ಪರೀಕ್ಷೆ ಮಾಡಿಸಿರಿ, ನಿಮ್ಮ ನಾಲ್ಕು ವರದಿಗಳು ಎಷ್ಟು ಪ್ರಯೋಗಾಲಯಗಳಿಂದ ಬಂದವು ಎಂಬುದನ್ನೂ ವೈದ್ಯರಿಗೆ ತೋರಿಸಿರಿ.

ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ವರದಿ ಪಡೆದರೆ, ಅಂದಿನ ಸಂಜೆಯ ಮಾತ್ರೆಯಿಂದಲೇ ವೈದ್ಯರು ಪ್ರಮಾಣ ಬದಲಿಸಬಹುದು. ಮಾತ್ರೆಯನ್ನು ಸಂಜೆಗೆ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಖಾಲಿ ಹೊಟ್ಟೆ ಬೇಕಾಗಿಲ್ಲ, ತಾಯಿಯವರನ್ನು ಉಪವಾಸ ಕರೆದುಕೊಂಡು ಹೋಗಬೇಡಿ.

ಹಿತ್ತಲ ಗಿಡ

ಇಷ್ಟೆಲ್ಲ ತೊಂದರೆ ಏಕೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ, ರಾತ್ರಿ ಅರಿಶಿನ ಮತ್ತು ಶುಂಠಿಯ ಕಷಾಯ ಕೊಟ್ಟರೆ ರಕ್ತ ತಾನಾಗಿಯೇ ತೆಳುವಾಗುತ್ತದೆ. ಮಾತ್ರೆಯನ್ನು ಕ್ರಮೇಣ ಬಿಡಬಹುದು.

ಮೈಸೂರು ಔಷಧಜ್ಞ

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು, ಯಾಂತ್ರಿಕ ಕವಾಟವಿರುವವರು ಮಾತ್ರೆ ಬಿಟ್ಟು ಪಾರ್ಶ್ವವಾಯುವಿನೊಂದಿಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಶಿನ ಎಂದಿನಂತೆ ಇರಲಿ. ಆದರೆ ಅವುಗಳ ಕ್ಯಾಪ್ಸೂಲು, ಗಟ್ಟಿ ಕಷಾಯ ಮಾತ್ರೆಗೆ ಬದಲಿಯಲ್ಲ. ಮಾತ್ರೆಯ ಜೊತೆಗೆ ಸೇರಿಸಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ, ಮಾತ್ರೆ ಬಿಟ್ಟು ಇವನ್ನೇ ನಂಬಿದರೆ ಕವಾಟಕ್ಕೆ ರಕ್ಷಣೆಯೇ ಇರುವುದಿಲ್ಲ. ‘ರಕ್ತ ತೆಳುವಾಗುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಈ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ ಹೆಚ್ಚುತ್ತದೆ, ಅಷ್ಟೇ.

ಹಿರಿಯೂರಿನವರೇ, ನಿಮ್ಮ 4.9 ರ ಬಗ್ಗೆ ನನಗೆ ಒಂದು ಅನುಮಾನವಿದೆ. ಸೊಪ್ಪು ಬಿಟ್ಟದ್ದರಿಂದ ಐಎನ್‌ಆರ್ ಏರಬಹುದು, ಆದರೆ 1.7 ರಿಂದ ಒಂದೇ ತಿಂಗಳಲ್ಲಿ ಅಷ್ಟು ಮೇಲೆ ಹೋಗಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಆ ಪರೀಕ್ಷೆಗೆ ಮುಂಚಿನ ಹತ್ತು ದಿನಗಳಲ್ಲಿ ಭೇದಿಗೆ, ಜ್ವರಕ್ಕೆ, ಮೂತ್ರದ ಸೋಂಕಿಗೆ ಅಥವಾ ಚರ್ಮದ ಹುಳುಕಡ್ಡಿಗೆ ಯಾರಾದರೂ ಮಾತ್ರೆ ಕೊಟ್ಟಿದ್ದರೇ? ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಈ ಮೂರೂ ಯಕೃತ್ತಿನಲ್ಲಿ ನಮ್ಮ ಮಾತ್ರೆ ಕರಗಿಹೋಗುವುದನ್ನು ತಡೆಯುತ್ತವೆ, ಹೀಗಾಗಿ ಅದೇ 2 ಮಿ.ಗ್ರಾಂ ಹೆಚ್ಚಿನ ಪ್ರಮಾಣದಂತೆ ವರ್ತಿಸುತ್ತದೆ. ಬಾಯಿ ಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಹಾಗೆಯೇ ಮಾಡುತ್ತದೆಂಬುದು ಹಲವರಿಗೆ ತಿಳಿದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಇದಕ್ಕೆ ವಿರುದ್ಧವಾಗಿ ಐಎನ್‌ಆರ್ ಇಳಿಸುತ್ತವೆ. ಇವನ್ನು ಎಂದೂ ಬಳಸಬಾರದೆಂದಲ್ಲ. ಶುರು ಮಾಡುವಾಗಲೂ ನಿಲ್ಲಿಸುವಾಗಲೂ ಹೃದಯದ ವೈದ್ಯರಿಗೆ ತಿಳಿಸಿ ಕೆಲವೇ ದಿನಗಳಲ್ಲಿ ರಕ್ತ ಪರೀಕ್ಷಿಸಬೇಕು. ಭೇದಿ ಮತ್ತು ಜ್ವರ ತಾವೇ ಐಎನ್‌ಆರ್ ಏರಿಸಬಲ್ಲವು ಎಂಬುದನ್ನೂ ನೆನಪಿಡಿ.

ಮಂಡಿನೋವಿನ ಮಾತ್ರೆಯ ಖಾಲಿ ಪಟ್ಟಿಯನ್ನು ಹುಡುಕಿ ಹೆಸರು ಓದಿರಿ. ಡೈಕ್ಲೋಫಿನಾಕ್, ಐಬುಪ್ರೊಫೇನ್, ಅಸೆಕ್ಲೋಫಿನಾಕ್ ಇವುಗಳಲ್ಲಿ ಯಾವುದಿದ್ದರೂ ಇಂದೇ ನಿಲ್ಲಿಸಿ ವೈದ್ಯರಿಗೆ ಹೇಳಿ. ಇವು ಐಎನ್‌ಆರ್ ಅಂಕಿಯನ್ನು ಹೆಚ್ಚು ಬದಲಿಸದೆಯೂ ಹೊಟ್ಟೆಯ ಒಳಪದರವನ್ನು ಕೆರೆದು ರಕ್ತ ಸೋರುವಂತೆ ಮಾಡುತ್ತವೆ, ಆದ್ದರಿಂದ ‘ಐಎನ್‌ಆರ್ ಸರಿಯಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು. ಆಸ್ಪಿರಿನ್ ವಿಷಯ ಸ್ವಲ್ಪ ಬೇರೆ. ಕೆಲವರಿಗೆ ಹೃದಯದ ವೈದ್ಯರೇ ಸಣ್ಣ ಪ್ರಮಾಣದಲ್ಲಿ ಬರೆದಿರುತ್ತಾರೆ, ಹಾಗೆ ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸುರಕ್ಷಿತ ಆಯ್ಕೆ, ಆದರೂ ದಿನಕ್ಕೆ 2 ಗ್ರಾಂಗಿಂತ ಹೆಚ್ಚು, ಅಂದರೆ 500 ಮಿ.ಗ್ರಾಂನ ನಾಲ್ಕಕ್ಕಿಂತ ಹೆಚ್ಚು ಮಾತ್ರೆಗಳನ್ನು ಹಲವು ದಿನ ಎಡೆಬಿಡದೆ ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಒಂದು ಸೂಜಿ ಹಾಕಿಸಿಕೊಂಡರೆ ಸರಿಹೋಗುತ್ತೆ’ ಎನ್ನುವ ವಾಡಿಕೆ ಇದೆ. ಈ ಮಾತ್ರೆ ನುಂಗುವವರಿಗೆ ಪಿರ್ರೆಯ ಮಾಂಸಖಂಡಕ್ಕೆ ಚುಚ್ಚಿದರೆ ಒಳಗೇ ರಕ್ತ ತುಂಬಿ ತೊಡೆ ಊದಿಕೊಳ್ಳಬಹುದು, ಆದ್ದರಿಂದ ಸೂಜಿಗೆ ಮೊದಲು ಮಾತ್ರೆಯ ಹೆಸರು ಹೇಳಲೇಬೇಕು. ಎಣ್ಣೆ ಹಚ್ಚಿ ಬಲವಾಗಿ ನೀವಿಸುವುದೂ ಬೇಡ.

ಹಲ್ಲಿನ ವಿಷಯ. ಐದು ದಿನ ಮಾತ್ರೆ ನಿಲ್ಲಿಸುವ ಸಲಹೆಯನ್ನು ಒಪ್ಪಬೇಡಿ. ಮಿಟ್ರಲ್ ಜಾಗದಲ್ಲಿರುವ ಯಾಂತ್ರಿಕ ಕವಾಟದ ಮೇಲೆ ಹೆಪ್ಪು ಕೂರುವ ಅಪಾಯ ಹೆಚ್ಚು. ಒಂದು ಹಲ್ಲು ಕಿತ್ತಾಗ ಬರುವ ರಕ್ತವನ್ನಾದರೆ ಹತ್ತಿಬಟ್ಟೆ ಒತ್ತಿ, ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಿಂದ ಬಾಯಿ ಮುಕ್ಕಳಿಸಿ ನಿಲ್ಲಿಸಬಹುದು. ಹಿಂದಿನ ದಿನ ಐಎನ್‌ಆರ್ ನೋಡಿ, ಅದು ಮಿತಿಯೊಳಗಿದ್ದರೆ ಮಾತ್ರೆ ನಿಲ್ಲಿಸದೆಯೇ ಕೀಳುವುದು ಈಗಿನ ರೂಢಿ. ಬೆಳಗಿನ ಹೊತ್ತು ಕೀಳಿಸಿದರೆ ಮತ್ತೆ ರಕ್ತ ಬಂದರೂ ಹಗಲಿನಲ್ಲೇ ಹೋಗಿ ತೋರಿಸಬಹುದು. ಇದಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಇನ್ನೊಂದನ್ನು: ಕೃತಕ ಕವಾಟವಿರುವವರಿಗೆ ಹಲ್ಲು ಕೀಳುವ ಮುನ್ನ ಒಂದು ಹೊತ್ತಿನ ಆ್ಯಂಟಿಬಯಾಟಿಕ್ ಕೊಡಬೇಕು, ಇಲ್ಲವಾದರೆ ಬಾಯಿಯ ಸೂಕ್ಷ್ಮಜೀವಿಗಳು ರಕ್ತದ ಮೂಲಕ ಕವಾಟಕ್ಕೆ ಅಂಟಿಕೊಳ್ಳಬಹುದು. ದಂತವೈದ್ಯರಿಗೆ ಮಾತ್ರೆಯನ್ನೂ ಕವಾಟವನ್ನೂ ಎರಡನ್ನೂ ಹೇಳಿ, ಹೃದಯದ ವೈದ್ಯರ ಚೀಟಿ ತೆಗೆದುಕೊಂಡೇ ಹೋಗಿ.

ಸೋದರಮಾವನವರ ಮಾತ್ರೆ ಅಪಿಕ್ಸಬಾನ್, ರಿವರಾಕ್ಸಬಾನ್ ಅಥವಾ ಡಾಬಿಗಟ್ರಾನ್ ಇರಬೇಕು. ಕವಾಟದ ತೊಂದರೆ ಇಲ್ಲದೆ ಹೃದಯದ ಬಡಿತ ಮಾತ್ರ ತಾಳ ತಪ್ಪಿದವರಿಗೆ, ಕಾಲಿನ ನರದಲ್ಲಿ ಹೆಪ್ಪುಗಟ್ಟಿದವರಿಗೆ ಅವು ಒಳ್ಳೆಯ ಔಷಧಗಳೇ. ಆದರೆ ಯಾಂತ್ರಿಕ ಕವಾಟವಿರುವವರಿಗೆ ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನಿಮ್ಮ ತಾಯಿಯವರಂತೆ ಕೀಲುಜ್ವರದಿಂದ ಕವಾಟ ಕೆಡುವ ರುಮ್ಯಾಟಿಕ್ ಹೃದ್ರೋಗದ ಜೊತೆಗೆ ಬಡಿತದ ಏರುಪೇರು ಇದ್ದವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಹೀಗಾಗಿ ನಿಮ್ಮ ತಾಯಿಯವರಿಗೆ ಹಳೆಯದನ್ನು ಬರೆದಿರುವುದು ಉದಾಸೀನದಿಂದಲ್ಲ. ಮಾವನವರಿಗೂ ಒಂದು ಮಾತು ಹೇಳಿ: ಐಎನ್‌ಆರ್ ಇಲ್ಲವೆಂದರೆ ಯಾವ ಪರೀಕ್ಷೆಯೂ ಬೇಡವೆಂದಲ್ಲ, ಮೂತ್ರಪಿಂಡದ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಆ ಮಾತ್ರೆಗಳ ಪ್ರಭಾವ ಒಂದು ದಿನದೊಳಗೆ ಇಳಿದುಹೋಗುವುದರಿಂದ ಅವುಗಳಲ್ಲಿ ಒಂದು ಹೊತ್ತು ತಪ್ಪಿಸುವುದು ಇನ್ನೂ ಅಪಾಯ. ರಿವರಾಕ್ಸಬಾನ್ 15 ಅಥವಾ 20 ಮಿ.ಗ್ರಾಂ ಆಗಿದ್ದರೆ ಊಟದ ಜೊತೆಗೇ ನುಂಗಬೇಕು.

ಮರೆತ ಮಾತ್ರೆಯ ನಿಯಮ ನಿಮ್ಮ ಮನೆಗೆ ಮುಖ್ಯ. ಅದೇ ದಿನ ರಾತ್ರಿ ಮಲಗುವ ಮುನ್ನ ನೆನಪಾದರೆ ನುಂಗಬಹುದು. ಮರುದಿನ ನೆನಪಾದರೆ ತಪ್ಪಿದ್ದನ್ನು ಬಿಟ್ಟು, ಆ ದಿನದ್ದನ್ನು ಮಾತ್ರ ನುಂಗಿ, ತಪ್ಪಿದ ದಿನವನ್ನು ಗುರುತು ಹಾಕಿಡಬೇಕು. ಎಂದಿಗೂ ಎರಡನ್ನು ಸೇರಿಸಿ ನುಂಗಬಾರದು. ಅಸೆನೊಕೌಮರಾಲ್ ದೇಹದಿಂದ ವಾರ್ಫರಿನ್‌ಗಿಂತ ಬೇಗ ಹೊರಹೋಗುವುದರಿಂದ ಒಂದೆರಡು ದಿನ ತಪ್ಪಿದರೂ ಐಎನ್‌ಆರ್‌ನಲ್ಲಿ ಕಾಣಿಸುತ್ತದೆ. ಇವೆರಡರ ಮಿಲಿಗ್ರಾಂಗಳು ಒಂದಕ್ಕೊಂದು ಸಮವಲ್ಲ. ಅಂಗಡಿಯಲ್ಲಿ ‘ಅದಿಲ್ಲ, ಇದೂ ಅದೇ ಕೆಲಸ ಮಾಡುತ್ತೆ’ ಎಂದರೆ ಬರಿಗೈಯಲ್ಲಿ ಹಿಂತಿರುಗಿ, ವೈದ್ಯರಿಗೆ ಫೋನ್ ಮಾಡಿ.

ಯಾವಾಗ ಕಾಯಬಾರದು ಎಂಬುದನ್ನೂ ತಂಗಿಯವರಿಗೆ ಬಿಡಿಸಿ ಹೇಳಿ. ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ, ಎದ್ದು ಮಾತನಾಡುತ್ತಿದ್ದರೂ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ ಅದೂ ಹಾಗೆಯೇ. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿ ದುರ್ವಾಸನೆ ಬೀರಿದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಅನುಮಾನವಿದ್ದರೆ ತೋರಿಸುವುದೇ ಲೇಸು. ತಾಯಿಯವರು ಎಲೆಅಡಿಕೆ ಹಾಕುವವರಾದರೆ ಒಸಡಿನಿಂದ ಬರುವ ರಕ್ತ ಆ ಕೆಂಪು ಉಗುಳಿನಲ್ಲಿ ಗೊತ್ತೇ ಆಗುವುದಿಲ್ಲ, ಬೆಳಿಗ್ಗೆ ಹಲ್ಲುಜ್ಜಿದಾಗಿನ ಮೊದಲ ಉಗುಳನ್ನು ನೋಡಬೇಕು.

ಕರಾವಳಿಯ ಸೊಸೆ

ಎಲ್ಲರೂ ಹಿರಿಯರ ಬಗ್ಗೆ ಬರೆದಿದ್ದೀರಿ, ನಾನು 26 ವರ್ಷದವಳು, ನನಗೂ ಇದೇ ಕವಾಟ ಇದೆ. ಇದನ್ನು ಓದುತ್ತಿರುವ ಯುವತಿಯರ ತಂದೆತಾಯಿಗಳಿಗೆ ಒಂದು ವಿನಂತಿ. ಈ ಜಾತಿಯ ಮಾತ್ರೆಗಳು ಗರ್ಭದ ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲವು, ಹಾಗೆಂದು ತಿಳಿದು ಗಾಬರಿಯಿಂದ ತಾವೇ ಮಾತ್ರೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಮುಟ್ಟು ನಿಂತ ಮೇಲೆ ಹೇಳುವುದಲ್ಲ, ಮಗು ಬೇಕೆಂದು ಯೋಚಿಸುವಾಗಲೇ ಹೃದಯದ ವೈದ್ಯರಿಗೂ ಹೆರಿಗೆ ವೈದ್ಯರಿಗೂ ಒಟ್ಟಿಗೆ ಹೇಳಿದರೆ, ಯಾವ ವಾರಗಳಲ್ಲಿ ಹೆಪಾರಿನ್ ಚುಚ್ಚುಮದ್ದಿಗೆ ಬದಲಾಗಬೇಕೆಂಬುದನ್ನು ಅವರು ಮುಂಚಿತವಾಗಿ ನಿರ್ಧರಿಸುತ್ತಾರೆ. ಮದುವೆಯ ಮಾತುಕತೆಯಲ್ಲಿ ಕವಾಟದ ವಿಷಯವನ್ನು ಮುಚ್ಚಿಟ್ಟು, ಅತ್ತೆಮನೆಯಲ್ಲಿ ಕದ್ದು ಮಾತ್ರೆ ನುಂಗುವ ಹುಡುಗಿಯರನ್ನು ನಾನು ಆಸ್ಪತ್ರೆಯ ಸರತಿಯಲ್ಲಿ ಭೇಟಿಯಾಗಿದ್ದೇನೆ. ಕದ್ದು ನುಂಗುವ ಮಾತ್ರೆ ವಾರಕ್ಕೆ ಎರಡು ಬಾರಿಯಾದರೂ ತಪ್ಪಿಯೇ ತಪ್ಪುತ್ತದೆ. ನನ್ನ ಮನೆಯವರು ಹೇಳಿಯೇ ಮದುವೆ ಮಾಡಿದರು, ಈಗ ಸಂಜೆ ಏಳಾದರೆ ಮಾತ್ರೆಯನ್ನು ನೆನಪಿಸುವವರು ಅತ್ತೆಯೇ.

ಹಿರಿಯೂರು ಸೀಮೆಯವನು

ಎಲ್ಲರಿಗೂ ಕೃತಜ್ಞತೆಗಳು. ಈ ವಾರಾಂತ್ಯ ಊರಿಗೆ ಹೋಗಿ ನೀವು ಹೇಳಿದಂತೆ ಒಂದೊಂದನ್ನೇ ಹುಡುಕಿದೆ.

ಔಷಧಜ್ಞರ ಅನುಮಾನ ನಿಜವಾಯಿತು. ಜಾತ್ರೆಯ ಊಟದ ನಂತರ ಅಮ್ಮನಿಗೆ ಭೇದಿಯಾಗಿ, ಊರಿನ ಚಿಕಿತ್ಸಾಲಯವೊಂದರಲ್ಲಿ ಐದು ದಿನಕ್ಕೆಂದು ಕೊಟ್ಟ ಮಾತ್ರೆಯ ಖಾಲಿ ಪಟ್ಟಿ ದೇವರ ಗೂಡಿನ ಹಿಂದೆ ಸಿಕ್ಕಿತು. ಹೆಸರು ಮೆಟ್ರೊನಿಡಜೋಲ್. 4.9 ಬಂದದ್ದು ಆ ಐದು ದಿನಗಳು ಮುಗಿದ ಮರುದಿನ. ಅಲ್ಲಿನವರನ್ನು ನಾನು ದೂರುವುದಿಲ್ಲ, ಅಮ್ಮ ಅಸಿಟ್ರೋಮ್ ವಿಷಯವನ್ನು ಅವರಿಗೆ ಹೇಳಿಯೇ ಇರಲಿಲ್ಲ. ಹೊಟ್ಟೆಯ ಡಾಕ್ಟರಿಗೆ ಎದೆಯ ಮಾತ್ರೆಯ ಮಾತೇಕೆ ಎಂದುಕೊಂಡರಂತೆ. ಮಂಡಿನೋವಿನ ಮಾತ್ರೆ ಅಸೆಕ್ಲೋಫಿನಾಕ್ ಆಗಿತ್ತು, ಅದನ್ನು ನಿಲ್ಲಿಸಿದ್ದೇವೆ. ಮೇಷ್ಟ್ರು ಹೇಳಿದ ಪುಡಿಯ ಡಬ್ಬವೂ ಸಿಕ್ಕಿತು, ಎರಡನೆಯ ತಿಂಗಳಲ್ಲಿ ಚಿಕ್ಕಮ್ಮ ತಂದುಕೊಟ್ಟದ್ದು. ಪರೀಕ್ಷೆಗಳು ಮೂರು ಬೇರೆ ಬೇರೆ ಕಡೆ ಆಗಿದ್ದವು. ಇನ್ನು ಮುಂದೆ ಒಂದೇ ಕಡೆ ಮಾಡಿಸುತ್ತೇವೆ.

ಎಲ್ಲವನ್ನೂ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದೆ. ಮಾತ್ರೆಯ ಪ್ರಮಾಣವನ್ನು ಈಗಲೇ ಬದಲಿಸುವುದು ಬೇಡ, ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ಮತ್ತೆ ಶುರುಮಾಡಿ ಭೇಟಿಗೆ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಎಂದರು. ಹಲ್ಲನ್ನು ಭೇಟಿಯ ನಂತರ, ಅವರು ಬರೆದುಕೊಡುವ ಚೀಟಿಯೊಂದಿಗೆ ಕೀಳಿಸುತ್ತೇವೆ. ಬಸ್ಸಾರು ಮತ್ತೆ ಬಂತೆಂಬ ಸಂತೋಷದಲ್ಲಿ ಅಮ್ಮ ಇಲಿ ಪಾಷಾಣದ ಮಾತನ್ನೇ ಮರೆತಿದ್ದಾರೆ.

ಓದು ಬಾರದ ಅವರಿಗೆ ತಂಗಿ ಒಂದು ಉಪಾಯ ಮಾಡಿದ್ದಾಳೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ಕೂಡಲೇ ಆ ದಿನದ ಮೇಲೆ ಕುಂಕುಮದ ಬೊಟ್ಟು ಇಡಬೇಕು. 3 ಮಿ.ಗ್ರಾಂ ಇರುವ ಶನಿವಾರ ಮತ್ತು ಭಾನುವಾರದ ಚೌಕಗಳಿಗೆ ಅರಿಶಿನ ಸವರಿಟ್ಟಿದ್ದಾಳೆ. ನಿನ್ನೆ ತಂಗಿ ಕಳುಹಿಸಿದ ಫೋಟೊದಲ್ಲಿ ಒಂದು ದಿನದ ಮೇಲೆ ಎರಡು ಬೊಟ್ಟುಗಳನ್ನು ಕಂಡು, ಎರಡು ಸಲ ನುಂಗಿಬಿಟ್ಟರೇನೋ ಎಂದು ಗಾಬರಿಯಾಗಿ ಫೋನ್ ಮಾಡಿದೆ. ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿದರೆ ಲೆಕ್ಕ ಸರಿಯಾಗಿಯೇ ಇದೆ. ಎರಡನೆಯದು ಸಂಕಷ್ಟಿಯ ಗುರುತಂತೆ.